ಪಾಲಾದ ಮನೆಯ ವಾಲಿಬಾಲ್

ನಾನು ಜೀವಮಾನದಲ್ಲಿ ವಾಲಿಬಾಲ್ ಆಡಿದವಳಲ್ಲ. ಶಾಲೆಯಲ್ಲಿ ಥ್ರೋಬಾಲ್ ಆಡಿಸುವಾಗ ಚೆಂಡು ನನ್ನ ಕಡೆ ಬಂದರೆ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದೆ. ಅಂಥವಳು ಅರವತ್ತರ ಹೊಸ್ತಿಲಲ್ಲಿ ಕಾಲೇಜು ಕ್ರೀಡೆಗಳ ಲೀಗಿನ ಆಫೀಸು ಸೇರಿದಾಗ, ಮೈಸೂರಿನ ನೆಂಟರೆಲ್ಲ ನಾನು ಪಿ.ಟಿ. ಟೀಚರ್ ಆದೆ ಎಂದು ತೀರ್ಮಾನಿಸಿದರು. "ಈ ವಯಸ್ಸಲ್ಲಿ ವಿಷಲ್ ಊದ್ಕೊಂಡು ಓಡ್ತೀಯೇನೇ ಸುಧಾ? ಮಂಡಿ ಜೋಪಾನ ಕಣೇ" ಎಂದು ಚಿಕ್ಕಮ್ಮ ಫೋನಿನಲ್ಲಿ ಬುದ್ಧಿ ಹೇಳಿದರು. ನಾನು ಕುರ್ಚಿ ಬಿಟ್ಟು ಏಳುವುದು ಕಾಫಿಗೆ ಮಾತ್ರ ಎಂದರೂ ಅವರು ನಂಬಲಿಲ್ಲ.

ನನ್ನ ಕೆಲಸ ವೇಳಾಪಟ್ಟಿ ಮಾಡುವುದು. ಯಾವ ಕಾಲೇಜಿನ ತಂಡ, ಯಾವ ದಿನ, ಯಾರ ಊರಿಗೆ ಹೋಗಿ ಆಡಬೇಕು ಎಂದು ಗೊತ್ತುಮಾಡುವುದು. ಇಲ್ಲಿ ಅಮೆರಿಕದವರು ಲೀಗನ್ನು ಕಾನ್ಫರೆನ್ಸ್ ಎನ್ನುತ್ತಾರೆ. ಹಾಗೆಂದರೆ ನಮ್ಮವರು ಡಾಕ್ಟರುಗಳ ಸಮ್ಮೇಳನ ಎಂದುಕೊಳ್ಳುವುದರಿಂದ ನಾನು ಲೀಗ್ ಎಂದೇ ಬರೆಯುತ್ತೇನೆ. ಈಗ ನಿವೃತ್ತಳಾಗಿ ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕಿನ ಮನೆಯಲ್ಲಿದ್ದೇನೆ. ನಮ್ಮ ಕನ್ನಡದ ಮಕ್ಕಳಲ್ಲಿ ಈಚೆಗೆ ಕೆಲವರು ಕೋಡಿಂಗ್ ಬಿಟ್ಟು ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾರೆ, ಅಪ್ಪ ಅಮ್ಮಂದಿರ ಎದೆ ಒಡೆಯುತ್ತಿದ್ದಾರೆ. ಆ ಮಕ್ಕಳು ಬಂದು ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ. ಅರ್ಧ ಜನಕ್ಕೆ ಕನ್ನಡ ಓದಲು ಬಾರದು. ಅಪ್ಪ ಅಮ್ಮ ಓದಿ ಹೇಳಲಿ, ಅವರಿಗೂ ಸ್ವಲ್ಪ ಕೆಲಸವಿರಲಿ.

ಮೊದಲು ನಾನು ಒಂದು ವಿಮಾನ ಕಂಪನಿಯಲ್ಲಿ ಸಿಬ್ಬಂದಿಗೆ ಪಾಳಿ ಹಾಕುತ್ತಿದ್ದೆ. 2020ರಲ್ಲಿ ಕೊರೊನಾ ಬಂದು ವಿಮಾನಗಳೆಲ್ಲ ನೆಲ ಹಿಡಿದವು, ನಾನು ಮನೆ ಹಿಡಿದೆ. ಒಂದು ತಿಂಗಳು ಕಳೆಯುವುದರಲ್ಲಿ ನನ್ನ ಯಜಮಾನರು ಶ್ರೀಧರ್ ಕೈಮುಗಿದರು. "ಪಾತ್ರೆ ತೊಳೆಯೋಕೆ, ವಾಕಿಂಗಿಗೆ, ಟಿವಿಗೆ ಎಲ್ಲಕ್ಕೂ ನಂಗೆ ಶಿಫ್ಟ್ ಹಾಕ್ತಿದ್ದೀಯ. ದಯವಿಟ್ಟು ಎಲ್ಲಾದ್ರೂ ಅಪ್ಲೈ ಮಾಡು" ಎಂದರು. ಹಾಗೆ ಅಪ್ಲೈ ಮಾಡಿದ್ದು ಅಟ್ಲಾಂಟಾದಲ್ಲೇ ಇದ್ದ ಈ ಲೀಗಿಗೆ. ಜಾರ್ಜಿಯಾ, ಎರಡು ಕ್ಯಾರೊಲೈನಾ, ವರ್ಜೀನಿಯಾ, ವಾಷಿಂಗ್ಟನ್ ಸುತ್ತಮುತ್ತಲ ಸಣ್ಣ ಪುಟ್ಟ ಕಾಲೇಜುಗಳೆಲ್ಲ ಸೇರಿ ಕಟ್ಟಿಕೊಂಡಿದ್ದ ಲೀಗು ಅದು.

ಸಂದರ್ಶನ ಮಾಡಿದವನು ಲೀಗಿನ ಮುಖ್ಯಸ್ಥ ರಿಕ್. ಹಿಂದೆ ಅಮೆರಿಕನ್ ಫುಟ್‌ಬಾಲ್ ಆಡಿದ್ದ ಭಾರಿ ಆಳು. ಯಾವಾಗಲೂ ಲೋಟದಲ್ಲಿ ಐಸ್ ಇಟ್ಟುಕೊಂಡು ಕಟಕಟ ಜಗಿಯುತ್ತಿದ್ದ. "ವಾಷಿಂಗ್ಟನ್ ಕಡೆಯಿಂದ ಬಸ್ಸು ಶಾರ್ಲಟ್‌ಗೆ ಬರಲು ಎಷ್ಟು ಹೊತ್ತು ಬೇಕು?" ಎಂದು ಕೇಳಿದ. "ಶುಕ್ರವಾರವೋ ಮಂಗಳವಾರವೋ?" ಎಂದೆ. ನನ್ನ ತಂಗಿ ಇರುವುದು ವಾಷಿಂಗ್ಟನ್ ಹತ್ತಿರದ ಸೆಂಟರ್‌ವಿಲ್‌ನಲ್ಲಿ. ಗೌರಿ ಹಬ್ಬಕ್ಕೆ, ಬಾಣಂತನಕ್ಕೆ, ಸತ್ಯನಾರಾಯಣ ಪೂಜೆಗೆ ಎಂದು ಆ ಹೆದ್ದಾರಿಯಲ್ಲಿ ಮೊಸರನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಎಷ್ಟು ಸಲ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇನೋ. ರಿಕ್ ಐಸ್ ಜಗಿಯುವುದನ್ನು ನಿಲ್ಲಿಸಿ, ಬೇರೆ ಪ್ರಶ್ನೆ ಕೇಳದೆ, ಕೆಲಸ ಕೊಟ್ಟ.

ಮೊದಲ ವರ್ಷದ ಕಥೆ ಹೇಳಿ ಪ್ರಯೋಜನವಿಲ್ಲ. ಸೋಮವಾರ ಹಾಕಿದ ಪಟ್ಟಿ ಗುರುವಾರ ರದ್ದಾಗುತ್ತಿತ್ತು. ಯಾರಿಗೋ ಕೊರೊನಾ, ಯಾರಿಗೋ ಕೊರೊನಾ ಬಂದವರ ಜೊತೆ ಊಟ. ಆಮೇಲೆ ಆಫೀಸಿಗೆ ಹೊಸ ಸಾಫ್ಟ್‌ವೇರ್ ಬಂತು. ಗುಂಡಿ ಒತ್ತಿದರೆ ಸಾಕು, ಇಡೀ ಋತುವಿನ ಪಟ್ಟಿ ಮಳೆಯ ಹಾಗೆ ಸುರಿಯುತ್ತದೆ ಎಂದು ರಿಕ್ ಕುಣಿದಾಡಿದ. ಪಟ್ಟಿ ನಿಜಕ್ಕೂ ಚೆನ್ನಾಗಿತ್ತು. ಆದರೆ ದಕ್ಷಿಣ ಕ್ಯಾರೊಲೈನಾದ ಒಂದು ಕಾಲೇಜಿನ ಹುಡುಗಿಯರ ವಾಲಿಬಾಲ್ ತಂಡವನ್ನು ಒಂದು ಸಣ್ಣ ಊರಿಗೆ ಹೋಮ್‌ಕಮಿಂಗ್ ದಿನವೇ ಕಳಿಸಿತ್ತು. ಹಳೆಯ ವಿದ್ಯಾರ್ಥಿಗಳೆಲ್ಲ ಊರು ತುಂಬಿಕೊಳ್ಳುವ ವಾರಾಂತ್ಯ ಅದು. ಹೋಟೆಲಿನಲ್ಲಿ ಒಂದು ರೂಮೂ ಇರಲಿಲ್ಲ. ತಂಡದ ಕೋಚ್ ಡಯಾನ್ ನನಗೆ ಫೋನ್ ಮಾಡಿ, "ಹುಡುಗಿಯರು ಜಿಮ್ಮಿನ ಚಾಪೆಯ ಮೇಲೆ ಮಲಗಿದ್ದಾರೆ, ನಾನು ಬಾಗಿಲಿಗೆ ಅಡ್ಡ ಮಲಗಿದ್ದೇನೆ. ನಿನ್ನ ಕಂಪ್ಯೂಟರಿಗೆ ಗುಡ್ ನೈಟ್ ಹೇಳು" ಎಂದಳು. ಬೈಯಲಿಲ್ಲ, ನಕ್ಕಳು. ಅವತ್ತಿನಿಂದ ಅವಳು ನನಗೆ ಗೆಳತಿಯಾದಳು.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡೆ. ಸಾಫ್ಟ್‌ವೇರ್ ಏನೇ ಕೊಡಲಿ, ಅದನ್ನು ಪ್ರತಿ ಕೋಚ್‌ಗೂ ಫೋನಿನಲ್ಲಿ ಓದಿ ಹೇಳುತ್ತಿದ್ದೆ. ಮದುವೆಗೆ ಕಾರ್ಡ್ ವಾಟ್ಸಾಪ್ ಮಾಡಿದರೂ ಹತ್ತಿರದವರನ್ನು ಬಾಯಿಬಿಟ್ಟು ಕರೆಯುವುದಿಲ್ಲವೇ, ಹಾಗೆ. ಓದುವಾಗಲೇ ಗೊತ್ತಾಗುತ್ತಿತ್ತು, ಅಂದು ಆ ಊರಲ್ಲಿ ಜಾತ್ರೆಯಂಥ ಕಾರ್ ರೇಸಿದೆ, ಇಂದು ಇವರ ಜಿಮ್ಮಿಗೆ ಬಣ್ಣ ಬಳಿಯುತ್ತಾರೆ ಎಂದು. ಮಕ್ಕಳೇ, ಇದನ್ನು ನೀವೂ ಮಾಡಿ. ಈಮೇಲಿಗೆ ಉತ್ತರಿಸದವರು ಫೋನಿನಲ್ಲಿ ಮಾತು ನಿಲ್ಲಿಸುವುದಿಲ್ಲ.

ಇಷ್ಟರಲ್ಲಿ ದೇಶದಲ್ಲೆಲ್ಲ ಕಾಲೇಜುಗಳಿಗೆ ಲೀಗು ಬದಲಾಯಿಸುವ ಹುಚ್ಚು ಹತ್ತಿತು. ಲೀಗೆಂದರೆ ಮೊದಲು ನೆರೆಹೊರೆ. ಬಸ್ಸಿನಲ್ಲಿ ಹೋಗಿ ಆಡಿ, ಬಸ್ಸಿನಲ್ಲಿ ಬರುವುದು. ಈಗ ಅದನ್ನು ತೀರ್ಮಾನಿಸುವುದು ಫುಟ್‌ಬಾಲ್, ಅದನ್ನು ತೋರಿಸುವ ಟಿವಿ, ಆ ಟಿವಿಯ ದುಡ್ಡು. ಶಾಂತಸಾಗರದ ದಡದ ಕಾಲೇಜುಗಳು ಬಂದು ಅಟ್ಲಾಂಟಿಕ್ ದಡದವರ ಜೊತೆ ಸೇರಿಕೊಂಡವು. ಯಾರು ಯಾರ ಜೊತೆ ಹೋಗುತ್ತಾರೆ ಎಂಬ ಸುದ್ದಿ ನಮ್ಮ ಕಡೆ ಗಂಡು ಹೆಣ್ಣಿನ ಮಾತುಕತೆಯ ಸುದ್ದಿ ಹರಡುವ ಹಾಗೇ ಹರಡುತ್ತಿತ್ತು. ಅವರು ಇವರ ಮನೆಗೆ ಬಂದು ಹೋದರಂತೆ, ಕಾಫಿ ಕುಡಿದರಂತೆ, ಮಾತು ಮುಗಿದಂತೆಯೇ ಅಂತೆ. ಕನ್ನಡ ಕೂಟದ ಊಟದಲ್ಲಿ ಅಂಕಲ್‌ಗಳಿಗೆ ವೀಸಾ ಬಿಟ್ಟರೆ ಇದೇ ಮಾತು.

ನಿಜ ಸುದ್ದಿ ಮೊದಲು ಗೊತ್ತಾಗುವುದು ಪಟ್ಟಿ ಮಾಡುವವರಿಗೆ. ಒಂದು ಮಧ್ಯಾಹ್ನ ರಿಕ್ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ. ಸುಮ್ಮನೆ ಒಂದು ಲೆಕ್ಕ ಹಾಕು, ನಮ್ಮಲ್ಲಿ ಒಂದು ಕಾಲೇಜು ಕಡಿಮೆಯಾದರೆ ಪಟ್ಟಿ ಹೇಗಿರುತ್ತದೆ ಎಂದ. ಯಾವುದು ಕಡಿಮೆ ಎಂದೆ. ಯಾವುದಾದರೂ ಎಂದ. "ರಿಕ್, ಯಾವುದಾದರೂ ಎಂಬ ಊರಿಗೆ ಬಸ್ಸು ಹೋಗಲ್ಲ" ಎಂದಾಗ, ನಿಟ್ಟುಸಿರು ಬಿಟ್ಟು ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟ. ಡಯಾನ್‌ಳ ಕಾಲೇಜು.

ನನ್ನ ಬಾಯಿಗೆ ಬೀಗವಿಲ್ಲ ಎಂಬುದು ಮೂರು ರಾಜ್ಯಕ್ಕೆ ಗೊತ್ತಿರುವ ವಿಷಯ. ಅಂಥವಳು ಗುಟ್ಟು ಇಟ್ಟುಕೊಳ್ಳಬೇಕು. ಅದೂ ಯಾರ ಮುಂದೆ? ಲಾರೆನ್ಸ್‌ವಿಲ್ಲಿನ ಮೋಹನ್ ಅವರ ಮುಂದೆ. ಅವರು ನಮ್ಮ ಕೂಟದ ಅಧ್ಯಕ್ಷರು, ನಾನು ಕಾರ್ಯದರ್ಶಿ. ಅವರ ಮಗಳು ಅನಘಾ ಡಯಾನ್‌ಳ ತಂಡದಲ್ಲೇ ಆಡುತ್ತಿದ್ದಳು. "ಮೇಡಂ, ಅನಘಾ ಕಾಲೇಜ್ ಲೀಗ್ ಸ್ವಿಚ್ ಮಾಡತ್ತಂತೆ? ಆನ್‌ಲೈನಲ್ಲೆಲ್ಲಾ ಅದೇ. ನಿಮಗೆ ಗೊತ್ತಿರತ್ತಲ್ಲ, ಒಂದ್ ಹಿಂಟ್ ಕೊಡಿ" ಎಂದು ಕೂಟದ ಊಟದಲ್ಲಿ ತಟ್ಟೆ ಹಿಡಿದು ಪಕ್ಕಕ್ಕೆ ಬಂದರು. ನಾನು ಒಂದಿಡೀ ಕೋಡುಬಳೆ ಬಾಯಿಗೆ ಹಾಕಿಕೊಂಡೆ. ದೇವರ ದಯೆ, ಕೋಡುಬಳೆ ಗಟ್ಟಿಯಾಗಿತ್ತು. ಅದು ಕರಗುವಷ್ಟರಲ್ಲಿ ಯಾರೋ ಅವರನ್ನು ಕರೆದುಕೊಂಡು ಹೋದರು.

ಬೇಸಿಗೆಯಲ್ಲಿ ಪ್ರಕಟಣೆ ಬಂತು. ಬರುವ ವರ್ಷದಿಂದ ಡಯಾನ್‌ಳ ಕಾಲೇಜು ಟೆಕ್ಸಾಸಿನವರೆಗೆ ಹರಡಿಕೊಂಡಿದ್ದ ಒಂದು ದೊಡ್ಡ ಲೀಗಿಗೆ ಹೋಗುವುದು. ಫುಟ್‌ಬಾಲ್ ತಂಡಕ್ಕೆ ಪ್ರತ್ಯೇಕ ವಿಮಾನ. ವಾಲಿಬಾಲ್ ಹುಡುಗಿಯರು ಮಾತ್ರ ವಾರದ ನಡುವೆ ಪಾಠ ಬಿಟ್ಟು ವಿಮಾನ ನಿಲ್ದಾಣಗಳಲ್ಲಿ ಕಾಯಬೇಕು. ಅಷ್ಟು ಪಾಠ ತಪ್ಪಿಸಲು ಅಧ್ಯಾಪಕರು ಒಪ್ಪಲಿಲ್ಲ. ಹೊಸ ಲೀಗಿನಲ್ಲಿ ವಾಲಿಬಾಲ್ ಕಡ್ಡಾಯವೂ ಅಲ್ಲ. ಹಾಗಾಗಿ ಕಾಲೇಜಿನ ಅಧ್ಯಕ್ಷರು ಹೇಳಿದ್ದು ಇಷ್ಟು: ಹತ್ತಿರದಲ್ಲಿ ಆಡಲು ಯಾರಾದರೂ ಜಾಗ ಕೊಟ್ಟರೆ ಸರಿ, ಇಲ್ಲವಾದರೆ ಈ ಋತು ಮುಗಿದ ಮೇಲೆ ವಾಲಿಬಾಲ್ ತಂಡವೇ ಇರುವುದಿಲ್ಲ.

ಅನಘಾ ಮಾರನೆಯ ದಿನವೇ ನಮ್ಮ ಮನೆಗೆ ಬಂದಳು. ಚಪ್ಪಲಿ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತಳು.

"ಆಂಟಿ, ನಮ್ ಟೀಮ್ ನೆಕ್ಸ್ಟ್ ಇಯರ್ ಇರಲ್ವಾ?"

"ಗೊತ್ತಿಲ್ಲ ಪುಟ್ಟಿ. ಒಳಗೆ ಬಾ."

"ಎಲ್ಲಾರೂ ಟ್ರಾನ್ಸ್‌ಫರ್ ಆಗು ಅಂತಾರೆ. ಆಂಟಿ, ಐ ಆಮ್ ಫೈವ್ ಟೂ. ಯಾರೂ ನನ್ನ ತಗೊಂಡಿಲ್ಲ. ಓನ್ಲಿ ಕೋಚ್ ಡಯಾನ್ ತಗೊಂಡ್ರು. ನಂಗೆ ಒನ್ ಮೋರ್ ಇಯರ್ ಇದೆ."

ವಾಲಿಬಾಲ್‌ನಲ್ಲಿ ಎಲ್ಲರೂ ತೆಂಗಿನ ಮರದಂತಿರುತ್ತಾರೆ. ಈ ಹುಡುಗಿ ಹಿಂದಿನ ಸಾಲಿನಲ್ಲಿ ನಿಂತು, ನೆಲ ಮುಟ್ಟಲು ಬರುವ ಚೆಂಡನ್ನೆಲ್ಲ ಬಿದ್ದು ಎದ್ದು ಎತ್ತುವವಳು. ಅವಳ ಮೊಣಕೈ ನೋಡಿದರೆ ನನಗೇ ನೋಯುತ್ತಿತ್ತು. ಅವಳಿಗೆ ಕಾಫಿ ಮಾಡಿಕೊಟ್ಟು ಕಳಿಸಿದೆ. ಆಮೇಲೆ ಅಡುಗೆಮನೆಯಲ್ಲಿ ನಿಂತು, ರಿಕ್‌ನ ಹತ್ತಿರ ಜಗಳ ಆಡಲೇಬೇಕು ಎಂದು ತೀರ್ಮಾನಿಸಿದೆ.

ಡಯಾನ್ ಆಗಲೇ ಒಂದು ಮನವಿ ಕಳಿಸಿದ್ದಳು. ಬೇರೆ ಆಟಗಳೆಲ್ಲ ಹೋಗಲಿ, ವಾಲಿಬಾಲ್ ತಂಡ ಮಾತ್ರ ನಮ್ಮ ಲೀಗಿನಲ್ಲೇ ಆಡಿಕೊಂಡಿರಲಿ ಎಂದು. ರಿಕ್ ಕೆಂಡವಾಗಿದ್ದ. ಮನೆ ಬಿಟ್ಟು ಹೋಗುವವರು ಹೆಣ್ಣುಮಕ್ಕಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಾರೋ ಎಂದು ಲೋಟ ಕುಕ್ಕಿದ. ಉಳಿದ ಕಾಲೇಜಿನವರು ಅವನಿಗಿಂತ ಕೆಂಡವಾಗಿದ್ದಾರೆ, ಮತಕ್ಕೆ ಹಾಕಿದರೆ ಸೋಲುತ್ತದೆ ಎಂದ. ಭಾಷಣದಲ್ಲೆಲ್ಲ ನಮ್ಮ ಲೀಗು ಒಂದು ಕುಟುಂಬ ಎನ್ನುವ ಆಸಾಮಿ ಅವನು. ಅದನ್ನೇ ಹಿಡಿದುಕೊಂಡೆ.

"ಕುಟುಂಬ ಅಂತೀಯಲ್ಲ, ಕುಟುಂಬ ಒಡೆದದ್ದು ನೋಡಿದ್ದೀಯಾ?" ಎಂದು ನನ್ನ ಅತ್ತೆಯ ಮನೆಯವರ ಕಥೆ ಹೇಳಿದೆ. ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು. ಒರಳುಕಲ್ಲಿಗೂ ಪಂಚಾಯಿತಿ ಆಯಿತು. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಆದರೆ ಮನೆದೇವರನ್ನು ಒಡೆಯಲು ಬರುವುದಿಲ್ಲವಲ್ಲ! ದೇವರ ಪೆಟ್ಟಿಗೆ ವರ್ಷಕ್ಕೊಂದು ಮನೆಗೆ ಸರದಿಯ ಮೇಲೆ ಹೋಗುತ್ತಿತ್ತು. ನವರಾತ್ರಿಗೆ ಯಾರ ಸರದಿಯೋ ಅವರ ಮನೆಯಲ್ಲಿ ಮೂರು ಮನೆಯವರೂ ಕೂತು ಉಣ್ಣಬೇಕು. ಅಂದು ಪಾಲಿನ ಮಾತು ಎತ್ತುವಂತಿಲ್ಲ. ಒಲೆ ಮೂರಾದರೂ ದೇವರೊಂದೇ ಎನ್ನುತ್ತಿದ್ದರು ನಮ್ಮತ್ತೆ. ಮೊದಲ ಸರದಿ ಬಂದದ್ದು ಜಗಳ ತೆಗೆದು ಬೇರೆ ಹೋದವನಿಗೇ.

ಅವನಿಗೇಕೆ ಮೊದಲ ಮರ್ಯಾದೆ ಎಂದು ರಿಕ್ ಕೇಳಿದ.

"ಮರ್ಯಾದೆ ಅಲ್ಲ ಮಾರಾಯ, ಕೆಲಸ! ಅಷ್ಟು ಜನಕ್ಕೆ ಅಡುಗೆ ಮಾಡಬೇಕಲ್ಲ."

ರಿಕ್ ಲೋಟ ಪಕ್ಕಕ್ಕಿಟ್ಟು, ಋತುವಿನ ಪಟ್ಟಿಯ ಕೊನೆಯ ಹಾಳೆ ತಿರುವಿದ. ಋತುವಿನ ಕೊನೆಯಲ್ಲಿ ಎಲ್ಲ ತಂಡಗಳೂ ಸೇರುವ ಟೂರ್ನಮೆಂಟ್ ನಡೆಸುವುದು ನಮ್ಮಲ್ಲಿ ಯಾರಿಗೂ ಬೇಡವಾದ ತಲೆನೋವು. ಅದು ಅವನ ತಲೆಗೆ ಹೊಳೆಯುತ್ತಿದೆ ಎಂದು ನನಗೆ ಗೊತ್ತಾಯಿತು. ಹೊಳೆಯಲಿ ಎಂದು ಬಿಟ್ಟು ಎದ್ದು ಬಂದೆ.

ಮತದಾನ ನವೆಂಬರ್ ತಿಂಗಳಲ್ಲಿ, ಶಾರ್ಲಟ್‌ನಲ್ಲಿ. ಅದಕ್ಕೆ ಮೊದಲು ನಾನೊಂದು ಘನಂದಾರಿ ಕೆಲಸ ಮಾಡಿದೆ. ಚಂಡಮಾರುತ ಬಂದು ಡಯಾನ್ ತಂಡದ ಒಂದು ಪಂದ್ಯ ಮುಂದಕ್ಕೆ ಹೋಗಿತ್ತು. ಅದನ್ನು ಲಾರೆನ್ಸ್‌ವಿಲ್ ಹತ್ತಿರದ ನಮ್ಮದೇ ಒಂದು ಕಾಲೇಜಿನ ಜಿಮ್ಮಿಗೆ, ಒಂದು ಶನಿವಾರಕ್ಕೆ ಹಾಕಿದೆ. ಸಾಫ್ಟ್‌ವೇರ್ ಜಿಮ್ಮು ಖಾಲಿ ಎಂದು ತೋರಿಸಿತು. ಹೊರಗಿನವರು ಬಾಡಿಗೆ ಹಿಡಿದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಅಂದೇ ಆ ಜಿಮ್ಮನ್ನು ಕನ್ನಡ ರಾಜ್ಯೋತ್ಸವಕ್ಕೆ ಬಾಡಿಗೆ ಹಿಡಿದು ಸಹಿ ಹಾಕಿದ್ದವರು ಯಾರು? ಕೂಟದ ಕಾರ್ಯದರ್ಶಿ. ಎಂದರೆ ನಾನೇ. ಎಲ್ಲ ಕೋಚುಗಳಿಗೂ ಫೋನ್ ಮಾಡಿ ಓದಿ ಹೇಳಿದ್ದೆ, ನನಗೆ ನಾನು ಫೋನ್ ಮಾಡಿಕೊಂಡಿರಲಿಲ್ಲ.

ಬೆಳಿಗ್ಗೆ ಮೋಹನ್ ಫೋನು. "ಮೇಡಂ, ಬೇಗ ಬನ್ನಿ. ನಮ್ಮ ಲೇಡೀಸ್ ರಂಗೋಲಿ ಹಾಕ್ತಿದ್ದಾರೆ, ಅದರ ಮೇಲೆ ಇವರ್ಯಾರೋ ನೆಟ್ ಕಟ್ತಿದ್ದಾರೆ!"

ಹೋಗಿ ನೋಡಿದರೆ ಒಂದು ಕಡೆ ಭುವನೇಶ್ವರಿಯ ಪಟ, ಬಾಳೆಕಂದು, ಡೊಳ್ಳು. ಇನ್ನೊಂದು ಕಡೆ ಎರಡು ತಂಡ, ರೆಫರಿಗಳು, ಕೈಕಟ್ಟಿ ನಿಂತ ಡಯಾನ್. ಮೋಹನ್, ಡಯಾನ್ ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಓಡಿಹೋಗಲು ಜಾಗವಿದ್ದಿದ್ದರೆ ಚಿಕ್ಕಮ್ಮ ಹೇಳಿದ ಮಂಡಿಯನ್ನೂ ಲೆಕ್ಕಿಸದೆ ಓಡಿಬಿಡುತ್ತಿದ್ದೆ. ಕೊನೆಗೆ ಮೋಹನ್ ಅವರೇ ದಾರಿ ತೋರಿಸಿದರು. "ಬಿಡಿ ಮೇಡಂ, ಆಡ್ಲಿ. ನಮ್ ಪ್ರೋಗ್ರಾಂ ಯಾವತ್ತು ಟೈಮಿಗೆ ಶುರುವಾಗಿದೆ? ಎರಡು ಗಂಟೆ ಲೇಟ್ ಆದ್ರೆ ಯಾರಿಗೂ ಗೊತ್ತೇ ಆಗಲ್ಲ."

ಆಡಿದರು. ರೇಷ್ಮೆ ಸೀರೆ, ಮೈಸೂರು ಪೇಟ, ಕಚ್ಚೆ ಪಂಚೆಯವರೆಲ್ಲ ಗ್ಯಾಲರಿ ತುಂಬಿದರು. ಅಪ್ಪ ಅಮ್ಮಂದಿರು ಮಾತ್ರ ಬರುತ್ತಿದ್ದ ಪಂದ್ಯಕ್ಕೆ ಕೂರಲು ಜಾಗವಿಲ್ಲ. ಅನಘಾ ಬಿದ್ದು ಚೆಂಡು ಎತ್ತಿದಾಗಲೆಲ್ಲ ಡೊಳ್ಳು. ಚೆಂಡು ಗಾಳಿಯಲ್ಲಿರುವಾಗ ಸದ್ದು ಮಾಡಬಾರದೆಂದು ರೆಫರಿ ಗದರಿದ ಮೇಲೆ, ಚೆಂಡು ನೆಲಕ್ಕೆ ಬಿದ್ದ ಕೂಡಲೇ ಬಾರಿಸುವುದನ್ನು ನಮ್ಮವರು ಕಲಿತರು. ಎದುರು ತಂಡದವರು ಪಾಯಿಂಟ್ ಗೆದ್ದಾಗಲೂ ಬಾರಿಸಿದರು, ನಿಯಮ ಅರ್ಧಂಬರ್ಧ ಗೊತ್ತಿದ್ದುದರಿಂದ. ಡಯಾನ್ ತಂಡ ಸೋತಿತು, ಅದು ಬೇರೆ ವಿಷಯ.

ನನ್ನ ಅವಾಂತರದ ಸುದ್ದಿ ತಿಳಿದು, ಬೈಯಲೆಂದೇ ರಿಕ್ ಕಾರು ಓಡಿಸಿಕೊಂಡು ಬಂದಿದ್ದ. ಬೈಯುವ ಮೊದಲೇ ಯಾರೋ ಅವನ ಕೈಗೆ ಬಿಸಿಬೇಳೆ ಬಾತಿನ ತಟ್ಟೆ ಕೊಟ್ಟರು. ಎರಡು ತಂಡದ ಹುಡುಗಿಯರೂ ಬೆವರಿನಲ್ಲೇ ಒಂದೇ ಸಾಲಿನಲ್ಲಿ ಕೂತು ಬೂಂದಿ ಹಾಕಿಸಿಕೊಂಡು ತಿನ್ನುತ್ತಿದ್ದರು. ಗೆದ್ದ ತಂಡದ ಒಬ್ಬಳು ಅನಘಾಳ ಮೊಣಕೈಗೆ ಐಸ್ ಹಿಡಿದಿದ್ದಳು. ಅದು ರಿಕ್‌ನ ಲೋಟದ ಐಸೇ. ಅವನು ಅದನ್ನು ನೋಡುತ್ತಾ ಹುಡುಗಿಯರ ಸಾಲಿನ ಕೊನೆಯಲ್ಲಿ ಕೂತು ತಟ್ಟೆ ಖಾಲಿ ಮಾಡಿದ. ನನ್ನನ್ನು ಬೈಯಲು ಮರೆತುಬಿಟ್ಟ.

ಶಾರ್ಲಟ್‌ನ ಸಭೆಯಲ್ಲಿ ಎಲ್ಲ ಕಾಲೇಜುಗಳ ಕ್ರೀಡಾ ಮುಖ್ಯಸ್ಥರು ಸೇರಿದ್ದರು. ಡಯಾನ್‌ಳಿಗೆ ಒಳಗೆ ಪ್ರವೇಶವಿಲ್ಲ, ಕಾರಿಡಾರಿನಲ್ಲಿ ನಿಂತಿದ್ದಳು. ಎಲ್ಲರಿಗಿಂತ ಸಿಟ್ಟಾಗಿದ್ದವನು ವಾಷಿಂಗ್ಟನ್ ಕಡೆಯ ಕಾಲೇಜಿನವನು. ಫುಟ್‌ಬಾಲಿಗೆ ವಿಮಾನ ಹತ್ತುವವರು ಹುಡುಗಿಯರನ್ನೂ ಹತ್ತಿಸಿಕೊಳ್ಳಲಿ, ನಮಗೇನು ಎಂದ. ರಿಕ್ ನನ್ನ ಕಡೆ ಕೈ ತೋರಿಸಿದ. ನಾನು ಎರಡು ಪಟ್ಟಿ ಮಾಡಿಕೊಂಡು ಹೋಗಿದ್ದೆ.

"ಸರ್, ಇದು ಅವರಿಲ್ಲದ ಪಟ್ಟಿ," ಎಂದು ಪರದೆಯ ಮೇಲೆ ತೋರಿಸಿದೆ. ಅವನ ಬಸ್ಸು ಇಡೀ ದಿನ ಪ್ರಯಾಣ ಮಾಡಿ, ಒಂದೇ ಪಂದ್ಯ ಆಡಿ, ಮತ್ತೆ ಇಡೀ ದಿನ ವಾಪಸು ಬರಬೇಕು. ಕಾಲೇಜುಗಳ ಸಂಖ್ಯೆ ಬೆಸವಾದ್ದರಿಂದ ಪ್ರತಿ ವಾರ ಯಾರಾದರೊಬ್ಬರು ಆಡಲು ಜೊತೆಯಿಲ್ಲದೆ ಮನೆಯಲ್ಲಿ ಕೂರಬೇಕು. "ಇದು ಅವರಿರುವ ಪಟ್ಟಿ." ಶುಕ್ರವಾರ ಡಯಾನ್‌ಳ ಊರಲ್ಲಿ ಒಂದು, ಶನಿವಾರ ಗಡಿಯಾಚೆಯ ಪಕ್ಕದೂರಲ್ಲಿ ಇನ್ನೊಂದು, ಭಾನುವಾರ ಹುಡುಗಿಯರು ಮನೆಯಲ್ಲಿ. ಅವನು ಕನ್ನಡಕ ಸರಿಮಾಡಿಕೊಂಡು ಎರಡನ್ನೂ ನೋಡಿದ. ಅವರು ಮಾಡಿದ ದ್ರೋಹಕ್ಕೆ ಏನೂ ಇಲ್ಲವೇ ಎಂದ.

ಆಗ ರಿಕ್ ಎದ್ದ. ನನ್ನ ಅತ್ತೆಯ ಮನೆಯ ಕಥೆಯನ್ನು ತನ್ನ ಕಥೆಯಂತೆ, ಒರಳುಕಲ್ಲಿನ ಸಮೇತ ಹೇಳಿದ. ಒರಳುಕಲ್ಲಿಗೆ ಇಂಗ್ಲಿಷಿನಲ್ಲಿ ಏನೆಂದನೋ, ಅವನು ಕೈಯಲ್ಲಿ ತಿರುವಿ ತೋರಿಸಿದ್ದು ಸೈಕಲ್ಲಿನ ಪೆಡಲಿನಂತಿತ್ತು. ಬಿಟ್ಟುಹೋದವರಿಗೇ ಮೊದಲ ಸರದಿ, ಕೊನೆಯ ಟೂರ್ನಮೆಂಟ್ ಅವರೇ ನಡೆಸಬೇಕು, ಎಲ್ಲರಿಗೂ ಅವರೇ ಊಟ ಹಾಕಬೇಕು ಎಂದ. ವಾಷಿಂಗ್ಟನ್ ಕಡೆಯವನು ಮೊದಲು ನಕ್ಕ. ಆಮೇಲೆ ಕೈ ಎತ್ತಿದ. ಉಳಿದ ಕೈಗಳು ಒಂದೊಂದಾಗಿ ಎದ್ದವು. ಕೆಲವು ಏಳಲಿಲ್ಲ, ಆದರೆ ಎದ್ದವು ಸಾಕಾದವು.

ಅಧಿಕೃತವಾಗಿ ತಿಳಿಸುವವರೆಗೆ ಯಾರೂ ಹೊರಗೆ ಹೇಳಬಾರದೆಂದು ನಿಯಮ. ನಾನು ಹೇಳಲಿಲ್ಲ. ಬಾಗಿಲು ತೆಗೆದೆ, ಡಯಾನ್ ನನ್ನ ಮುಖ ನೋಡಿದಳು, ಇಬ್ಬರೂ ತಬ್ಬಿಕೊಂಡು ಹೋಟೆಲಿನ ಕಾರಿಡಾರಿನಲ್ಲಿ ಅತ್ತೆವು. ನಲವತ್ತು ವರ್ಷದ ಕೆಲಸದಲ್ಲಿ ನಾನು ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಮುಂದಿನ ಋತುವಿನ ವಾಲಿಬಾಲ್ ಪಟ್ಟಿಯೇ ನಾನು ಮಾಡಿದ ಕೊನೆಯ ಪಟ್ಟಿ. ಅದು ಹೊರಬಿದ್ದ ವಾರ ಕೂಟದ ಪಿಕ್ನಿಕ್ ಇತ್ತು. ಕೆರೆಯ ದಡದಲ್ಲಿ ನಾನು ಜೋಳ ಸುಡುತ್ತಿದ್ದೆ. ದೂರದಿಂದ ಅನಘಾ ದಾಪುಗಾಲು ಹಾಕಿಕೊಂಡು ಬರುವುದು ಕಂಡಿತು. ಥ್ಯಾಂಕ್ಸ್ ಹೇಳಲು ಬರುತ್ತಿದ್ದಾಳೆ ಎಂದು ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಅಯ್ಯೋ ಅದೆಲ್ಲ ಯಾಕೆ ಎಂದು ಹೇಳಲು ಸಿದ್ಧಳಾದೆ.

"ಆಂಟಿ! ಶೆಡ್ಯೂಲ್ ಯಾರು ಮಾಡಿದ್ದು? ಫಸ್ಟ್ ತ್ರೀ ವೀಕ್ಸ್ ನಾವು ಮನೇಲೇ ಇರಲ್ಲ! ಎಲ್ಲಾ ಗೇಮ್ಸ್ ಬೇರೆಯವ್ರ ಊರಲ್ಲಿ! ಆ್ಯಂಡ್ ಸಿಕ್ಸ್ ಎಎಂ ಬಸ್! ದಿಸ್ ಈಸ್ ಸೋ ಅನ್‌ಫೇರ್!"

ಹಿಂದಿನಿಂದ ಮೋಹನ್, "ಏ ಅನಘಾ, ಆಂಟಿ ಹತ್ರ ಹಾಗಾ ಮಾತಾಡೋದು?" ಎಂದು ಗದರುತ್ತಾ ಓಡಿಬಂದರು. ನಾನು ಅವರನ್ನು ತಡೆದೆ. "ಸುಮ್ನಿರಿ ಮೋಹನ್, ಬೈಯಲಿ. ಇನ್ನೇನಿದೆ ಹೇಳು ಪುಟ್ಟಿ" ಎಂದೆ. ಬೇಕಾದಷ್ಟಿತ್ತು. ಟೂರ್ನಮೆಂಟಿನ ವಾರವೇ ಪರೀಕ್ಷೆ, ಪಕ್ಕದೂರಿನ ಜಿಮ್ಮಿನಲ್ಲಿ ಏಸಿ ಇಲ್ಲ, ಕೊನೆಯ ಹೋಮ್ ಗೇಮಿಗೆ ಅಜ್ಜಿ ಬರುವ ದಿನ ಹೊಂದುವುದಿಲ್ಲ. ಜೋಳ ಕರಿಯಾಯಿತು. ನನಗೆ ಕಣ್ಣಲ್ಲಿ ನೀರು ಬಂತು, ಹೊಗೆ ಎಂದು ಹೇಳಿ ನಕ್ಕೆ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ, ಇದನ್ನೆಲ್ಲ ಆಫೀಸಿಗೆ ಈಮೇಲ್ ಮಾಡು ಎಂದೆ. ಸೋಮವಾರ ಬೆಳಿಗ್ಗೆಯೇ ಬಂದಿತ್ತು, ಮಾರುದ್ದ. ಅಜ್ಜಿಯ ದಿನವೊಂದನ್ನು ಬದಲಾಯಿಸಿಕೊಟ್ಟೆ, ಆರು ಗಂಟೆಯ ಬಸ್ಸು ಹಾಗೇ ಇರಲಿ ಎಂದು ಬರೆದೆ.

ಈ ಕೆಲಸಕ್ಕೆ ಬರುವ ಮಕ್ಕಳೇ, ಇಲ್ಲದ ತಂಡದವರು ಬಸ್ಸಿನ ಹೊತ್ತಿಗಾಗಿ ಜಗಳ ಆಡುವುದಿಲ್ಲ. ನನಗೆ ಸಿಕ್ಕಂಥ ಬೈಗುಳ ನಿಮಗೂ ಹೊಟ್ಟೆತುಂಬ ಸಿಗಲಿ.